ಪೌಂಡ್ ಚಿಹ್ನೆಯೊಳಗೆ ಸಿಕ್ಕಿಬಿದ್ದ ಕನ್ನಡ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಅಲೆವೂರಿನ ಮಾಷ್ಟ್ರು ಮನೆಗೆ ಬಂದರು. ಕೊಡೆ ಮಡಚಿ ಮೂಲೆಗಿಟ್ಟು, ಜಗಲಿಯಲ್ಲಿ ಕೂತು, ಪ್ಲಾಸ್ಟಿಕ್ ತೊಟ್ಟೆಯೊಳಗಿಂದ ಒಂದು ಸಿ.ಡಿ. ತೆಗೆದರು. "ನಿನ್ನತ್ರ ಆಪಲ್ ಕಂಪ್ಯೂಟರ್ ಉಂಟಲ್ಲ, ದೊಡ್ಡ ಕ್ರಯದ್ದು. ಇದನ್ನೊಮ್ಮೆ ತೆಗೆದು ಕೊಡು ಮಾರಾಯ" ಅಂದರು.

ಸಿ.ಡಿ.ಯಲ್ಲಿ ಇದ್ದದ್ದು ಅವರ ಪುಸ್ತಕ. 2004ರಲ್ಲಿ ಸ್ವಂತ ಖರ್ಚಿನಲ್ಲಿ ಮುನ್ನೂರು ಪ್ರತಿ ಮಾಡಿಸಿದ್ದರು. ಊರಿನ ಬೈಲು, ಮಜಲು, ಬೆಟ್ಟು ಗದ್ದೆಗಳ ಒಂದೊಂದರ ಹೆಸರು, ಆ ಹೆಸರು ಬಂದ ಕತೆ, ಯಾವ ತೋಡಿನ ನೀರು ಯಾವ ಗದ್ದೆಗೆ ಮೊದಲು ಇಳಿಯುತ್ತಿತ್ತು ಎಂಬ ಲೆಕ್ಕ. ಈಗ ಆ ಗದ್ದೆಗಳಲ್ಲಿ ಮುಕ್ಕಾಲು ಪಾಲು ಇಲ್ಲ. ಕೆಲವು ಸೈಟ್ ಆದವು, ಕೆಲವು ಹಡಿಲು ಬಿದ್ದವು. ಹೆಸರು ಹೇಳಿದ ಹಿರಿಯರೂ ಹೋದರು. ಮುನ್ನೂರು ಪ್ರತಿಯಲ್ಲಿ ಮಾಷ್ಟ್ರ ಕೈಯಲ್ಲಿ ಉಳಿದದ್ದು ಒಂದು, ಅದರ ಅರ್ಧಕ್ಕರ್ಧ ಗೆದ್ದಲಿನ ಪಾಲು. ಎರಡನೇ ಮುದ್ರಣ ಮಾಡಬೇಕು, ಬಿಟ್ಟುಹೋದ ಕೆಲವು ಹೆಸರು ಸೇರಿಸಬೇಕು ಎಂಬುದು ಅವರ ಆಸೆ. ಡಿ.ಟಿ.ಪಿ. ಮಾಡಿಕೊಟ್ಟ ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯ್ತು.

ನನ್ನ ಮ್ಯಾಕ್‌ಬುಕ್‌ಗೆ ಸಿ.ಡಿ. ಹಾಕುವ ಕಂಡಿಯೇ ಇಲ್ಲ. ಗುಡ್ಡೆಯಂಗಡಿಯ ಕಡೆ ಪರಿಚಯದವರ ಹಳೇ ಕಂಪ್ಯೂಟರಿನಲ್ಲಿ ಹಾಕಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ಪುಟ ಕಟ್ಟಿದ ಪೇಜ್‌ಮೇಕರ್ ಫೈಲನ್ನು ಮ್ಯಾಕ್ ಮೂಸಿಯೂ ನೋಡಲಿಲ್ಲ. ಪುಣ್ಯಕ್ಕೆ ಟೈಪ್ ಮಾಡಿದವರು ಮೊದಲು ವರ್ಡ್‌ನಲ್ಲಿ ಹೊಡೆದು ಆ ಫೈಲನ್ನೂ ಅಲ್ಲೇ ಬಿಟ್ಟಿದ್ದರು. ಪೇಜಸ್‌ನಲ್ಲಿ ತೆರೆದೆ. ಪರದೆಯ ತುಂಬ ತಲೆಯ ಮೇಲೆ ಗೀಟು ಎಳೆದ ಎ ಅಕ್ಷರಗಳು, ಪೌಂಡ್ ಚಿಹ್ನೆಗಳು, ಎಂತೆಂಥದ್ದೋ ಬಾಲ ಕೊಂಬು.

ಮಾಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇದು ಯಾರ ಭಾಷೆ? ಪೋರ್ಚುಗೀಸರದ್ದಾ?"

"ಕನ್ನಡವೇ ಮಾಷ್ಟ್ರೇ" ಅಂದೆ. ಹಾಗೆ ಹೇಳಿದ ಮೇಲೆ ಯಾಕೆ ಹೀಗೆ ಅಂತ ವಿವರಿಸುವುದು ನನ್ನ ಕರ್ಮವಾಯಿತು. ಆ ಸಂಜೆ ಅವರಿಗೆ ಹೇಳಿದ್ದನ್ನೇ, ಆಮೇಲೆ ಕೂತು ಜೋಡಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಐಫೋನು, ಮ್ಯಾಕ್ ಇಟ್ಟುಕೊಂಡವರ ಮನೆಯಲ್ಲೂ ಇಂಥ ಸಿ.ಡಿ. ಒಂದಾದರೂ ಇದ್ದೇ ಇರುತ್ತದೆ ಎಂಬ ಧೈರ್ಯದಿಂದ.

ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ನಂಬರು, ಅಷ್ಟೇ. ಆ ನಂಬರಿಗೆ ಯಾವ ಚಿತ್ರ ತೋರಿಸಬೇಕು ಅಂತ ಹೇಳುವುದು ಫಾಂಟ್. 2004ರ ಡಿ.ಟಿ.ಪಿ. ಲೋಕದಲ್ಲಿ ಒಂದು ಫಾಂಟಿಗೆ ಇದ್ದದ್ದು ಹೆಚ್ಚೆಂದರೆ 256 ಮನೆ. ಅದರಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಆಗಲೇ ಬಾಡಿಗೆಗೆ ಇದ್ದವು. ನಮ್ಮವರು ಏನು ಮಾಡಿದರು ಅಂದರೆ, ನಂಬರನ್ನು ಮುಟ್ಟದೆ ಚಿತ್ರವನ್ನು ಮಾತ್ರ ಬದಲಿಸಿದರು. ನುಡಿ ಫಾಂಟಿನಲ್ಲಿ ಇಂಗ್ಲಿಷಿನ ದೊಡ್ಡ ಸಿ ಇರುವ ಮನೆಯಲ್ಲಿ ಅ ಕೂತಿತು. ದೊಡ್ಡ ಪಿ ಇದ್ದಲ್ಲಿ ಕ-ದ ಕೆಳಗಿನ ಮೈ, ಗೀಟಿನ ಎ ಇದ್ದಲ್ಲಿ ತಲೆಕಟ್ಟು, ಪೌಂಡ್ ಚಿಹ್ನೆಯ ಮನೆಯಲ್ಲಿ ನ-ದ ಮೈ, ಜರ್ಮನರ ಜೋಡಿ ಎಸ್ ಇದ್ದಲ್ಲಿ ನ-ದ ಒತ್ತು. "ಕನ್ನಡ" ಎಂಬ ಪದವನ್ನು ಆ ಫಾಂಟ್ ತೆಗೆದು ನೋಡಿದರೆ ಬ್ರಿಟಿಷರ ದುಡ್ಡೂ ಜರ್ಮನರ ಎಸ್ಸೂ ಒಳಗಿಂದ ಇಣುಕುತ್ತವೆ. ಅಂದರೆ ಫೈಲಿನಲ್ಲಿ ಕನ್ನಡ ಇರಲೇ ಇಲ್ಲ. ಕಾಣುತ್ತಿತ್ತು, ಅಷ್ಟೇ.

ಕಾಣುವುದಕ್ಕೂ ಇರುವುದಕ್ಕೂ ಇರುವ ಈ ವ್ಯತ್ಯಾಸ ನಮ್ಮ ಕರಾವಳಿಗೆ ಹೊಸತಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಎಣ್ಣೆಜಿಡ್ಡಿನ ಶಾಯಿಯಲ್ಲಿ ಬರೆದ ಕೈಬರಹವೇ ಕಲ್ಲಿನ ಮೇಲೆ ಮೂಡಿ, ಅದರಿಂದ ಕಾಗದಕ್ಕೆ ಇಳಿಯುತ್ತಿತ್ತು. ಕಲ್ಲಿಗೆ ಅ ಗೊತ್ತಿಲ್ಲ, ಕ ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಎಲ್ಲಿ ಜಿಡ್ಡು ಉಂಟು, ಎಲ್ಲಿ ಇಲ್ಲ ಎಂಬುದು ಮಾತ್ರ. ಆಮೇಲೆ ಅಚ್ಚಿನ ಮೊಳೆಗಳು ಬಂದವು. 1894ರಲ್ಲಿ ಕಿಟೆಲ್ ನಿಘಂಟು ಅದೇ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂತು. ಮೊಳೆ ಜೋಡಿಸುವವನಿಗೆ ಕ-ಕ್ಕೆ ಒಂದು ಮನೆ, ಕಿ-ಗೆ ಇನ್ನೊಂದು ಮನೆ, ಒತ್ತಿಗೆ ಮತ್ತೊಂದು. ನೂರಾರು ಮನೆಗಳ ಪೆಟ್ಟಿಗೆ ಅವನ ಮುಂದೆ. 2004ರ ಡಿ.ಟಿ.ಪಿ. ಫಾಂಟು ಮಾಡಿದ್ದು ಅದೇ ಪೆಟ್ಟಿಗೆಯನ್ನು 256 ಮನೆಗೆ ಕುಗ್ಗಿಸುವ ಕೆಲಸ.

ಇದನ್ನು ಬೇರೆ ರೀತಿ ನೋಡಿದವರು ನಮ್ಮ ಪಕ್ಕದಲ್ಲೇ ಇದ್ದರು. ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಅಕ್ಷರ ಜೋಡಣೆಯ ಯಂತ್ರಗಳ ಲೋಕದಲ್ಲಿ ಪಳಗಿ, ಆಮೇಲೆ ಮಣಿಪಾಲದ ನಂಟು ಬೆಳೆಸಿಕೊಂಡವರು. ಅವರ ಯೋಚನೆ ಕೇಳಲಿಕ್ಕೆ ಬಹಳ ಸರಳ: ಕನ್ನಡದವನು ಚಿತ್ರವನ್ನು ಹೇಳುವುದಿಲ್ಲ, ಉಲಿಯನ್ನು ಹೇಳುತ್ತಾನೆ. ಹಾಗಾದರೆ ಕೀಲಿಯೂ ಉಲಿಯ ಲೆಕ್ಕದಲ್ಲೇ ಇರಲಿ. ವ್ಯಂಜನ ಒತ್ತು, ಸ್ವರ ಒತ್ತು. ಕಿ ಹೇಗೆ ಕಾಣಬೇಕು, ಒತ್ತು ಎಲ್ಲಿ ಕೂರಬೇಕು ಎಂಬುದು ಯಂತ್ರದ ತಲೆನೋವು. ಅಲ್ಪಪ್ರಾಣಕ್ಕೆ ಕೀಲಿ, ಅದೇ ಕೀಲಿಗೆ ಶಿಫ್ಟ್ ಸೇರಿದರೆ ಮಹಾಪ್ರಾಣ. ಎಫ್ ಒತ್ತಿದರೆ ಅರ್ಧಾಕ್ಷರ. ಇಂಗ್ಲಿಷಿನ ಇಪ್ಪತ್ತಾರು ಕೀಲಿಯೊಳಗೆ ಇಡೀ ಕನ್ನಡ ಮುಗಿಯಿತು. ಮುಂದೆ ಸರಕಾರ ಒಪ್ಪಿದ್ದು, ನುಡಿಯಲ್ಲಿ ಬಂದದ್ದು, ಇವತ್ತಿಗೂ ನಮ್ಮಲ್ಲಿ ಹೆಚ್ಚಿನವರ ಬೆರಳಿಗೆ ಅಂಟಿರುವುದು ಇದೇ ವಿನ್ಯಾಸ. ಅದಕ್ಕೆ ಅವರು ಯಾರ ಹತ್ತಿರವೂ ದುಡ್ಡು ಕೇಳಲಿಲ್ಲ. ಡಾಸ್ ಕಾಲದಲ್ಲಿ ಅವರು ಮಾಡಿ ಉಚಿತವಾಗಿ ಹಂಚಿದ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ಛಂದಸ್ಸಿನ ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ತಂತ್ರಾಂಶಕ್ಕೆ ಛಂದಸ್ಸಿನ ಪಂಡಿತರ ಹೆಸರಿಡುವ ಊರು ಬೇರೆ ಎಲ್ಲಾದರೂ ಉಂಟಾ, ನನಗೆ ಸಂಶಯ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕೆ.ಪಿ. ರಾವ್ ವಿನ್ಯಾಸದಲ್ಲಿ "ಅಲೆವೂರು" ಅಂತ ಹೊಡೆಯಲು ಏಳು ಕೀಲಿ ಸಾಕು: ಅ, ಲ, ಎ-ಕಾರ, ವ, ಊ-ಕಾರ, ರ, ಉ-ಕಾರ. ಇವತ್ತಿನ ಯುನಿಕೋಡ್‌ನಲ್ಲಿ ಅದೇ ಪದ ಶೇಖರವಾಗುವುದೂ ಏಳೇ ನಂಬರಾಗಿ, ಅದೇ ಕ್ರಮದಲ್ಲಿ. ಬಾಯಿ, ಬೆರಳು, ಫೈಲು ಮೂರೂ ಒಂದೇ ದಾರಿಯಲ್ಲಿ.

ಯುನಿಕೋಡ್ ಅಂದರೆ ಲೋಕದ ಎಲ್ಲ ಲಿಪಿಗಳಿಗೂ ಸ್ವಂತ ಮನೆ ನಂಬರು ಕೊಡುವ ಪಟ್ಟಿ. ಭಾರತದ ಲಿಪಿಗಳಿಗೆ ಅದು 1988ರ ಇಸ್ಕಿ ಎಂಬ ನಮ್ಮದೇ ಪಟ್ಟಿಯನ್ನು ಆಧಾರ ಮಾಡಿಕೊಂಡಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ನಂಬರುಗಳ ಒಂದು ಕೇರಿ ಸಿಕ್ಕಿತ್ತು. ಈ ಪಟ್ಟಿ ಮಾಡುವ ಕೂಟದ ಮೂಲ ಪುರುಷರಲ್ಲಿ ಆಪಲ್ ಕಂಪನಿಯವರೂ ಇದ್ದರು. ಹಾಗಾದರೆ ಆಪಲ್ ಕಂಪ್ಯೂಟರಿನಲ್ಲಿ ಕನ್ನಡ ಎಲ್ಲರಿಗಿಂತ ಮೊದಲು ಬರಬೇಕಿತ್ತು ಅಲ್ವಾ? ಅಲ್ಲಿಯೇ ಇರುವುದು ತಮಾಷೆ.

1984ರ ಜನವರಿಯಲ್ಲಿ ಮೆಕಿಂಟಾಷ್ ಬಂತು. ಮರುವರ್ಷ ಲೇಸರ್‌ರೈಟರ್ ಪ್ರಿಂಟರು, ಜೊತೆಗೆ ಆಲ್ಡಸ್ ಕಂಪನಿಯ ಪೇಜ್‌ಮೇಕರ್. ಡಿ.ಟಿ.ಪಿ. ಎಂಬ ಕಸುಬು ಹುಟ್ಟಿದ್ದೇ ಈ ಮೂರು ಕೂಡಿ. ಕಾಲೇಜಿನಲ್ಲಿ ಕುಸುರಿ ಬರಹದ ತರಗತಿಗೆ ಹೋಗಿ ಕೂತದ್ದರಿಂದಲೇ ಮ್ಯಾಕ್‌ಗೆ ಚೆಂದದ ಅಕ್ಷರಗಳು ಬಂದವು ಅಂತ ಸ್ಟೀವ್ ಜಾಬ್ಸ್ 2005ರ ಸ್ಟ್ಯಾನ್‌ಫರ್ಡ್ ಭಾಷಣದಲ್ಲಿ ಹೇಳಿಕೊಂಡದ್ದನ್ನು ನೀವೂ ಕೇಳಿರಬಹುದು. ಆದರೆ ಚೆಂದ ಅಂದರೆ ಯಾರ ಅಕ್ಷರದ ಚೆಂದ? 1990ರ ದಶಕದಲ್ಲಿ ಆಪಲ್ ತಂದ ಭಾರತೀಯ ಭಾಷೆಗಳ ಕಿಟ್‌ನಲ್ಲಿ ದೇವನಾಗರಿ, ಗುಜರಾತಿ, ಗುರುಮುಖಿ ಇದ್ದವು. ಕನ್ನಡ ಇರಲಿಲ್ಲ.

ಇತ್ತ ವಿಂಡೋಸ್ ಕಡೆ ಕನ್ನಡಿಗರು ತಮ್ಮ ಪಾಡನ್ನು ತಾವೇ ನೋಡಿಕೊಂಡರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಮುಂದೆ ಗಣಕ ಪರಿಷತ್ತಿನ ನುಡಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಯುನಿಕೋಡ್ ಫಾಂಟ್ ಬಂತು. ನಮ್ಮ ಮಲೆನಾಡಿನ ಹೊಳೆ ಮೈಕ್ರೋಸಾಫ್ಟಿನ ಪೆಟ್ಟಿಗೆಯೊಳಗೆ ಹರಿಯಿತು. ತುಂಗಾ ಕಣ್ಣಿಗೆ ಅಂಥ ಚೆಂದವೇನಲ್ಲ, ಆದರೆ ಇತ್ತಲ್ಲ.

ಅದೇ ಹೊತ್ತಿನಲ್ಲಿ ಮ್ಯಾಕ್ ತೆಗೆದುಕೊಂಡ ಕನ್ನಡಿಗ ಕನ್ನಡ ಪುಟ ತೆರೆದರೆ ಅವನಿಗೆ ಕಾಣುತ್ತಿದ್ದದ್ದು ಚೌಕಗಳ ಸಾಲು. ಆ ಚೌಕವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಖಾಲಿ ಚೌಕ ಅಲ್ಲ. ಆಪಲ್‌ನಲ್ಲಿ 'ಲಾಸ್ಟ್ ರೆಸಾರ್ಟ್' ಎಂಬ ಫಾಂಟ್ ಉಂಟು. ಯಾವ ಫಾಂಟೂ ಸಿಗದಿದ್ದಾಗ ಅದು ಆ ಲಿಪಿಯ ಒಂದು ಮಾದರಿ ಅಕ್ಷರವನ್ನು ಚೌಕಟ್ಟಿನೊಳಗೆ ಬರೆದು, ಚೌಕಟ್ಟಿನ ಅಂಚಿನಲ್ಲಿ ಲಿಪಿಯ ಹೆಸರನ್ನು ಇರುವೆಯಷ್ಟು ಸಣ್ಣಗೆ ಬರೆಯುತ್ತದೆ. ಅಂದರೆ ಯಂತ್ರಕ್ಕೆ ಇದು ಕನ್ನಡ ಅಂತ ಚೆನ್ನಾಗಿ ಗೊತ್ತು. ಓದಿ ಹೇಳಲಿಕ್ಕೆ ಬರುವುದಿಲ್ಲ. ಹೊರದೇಶದಲ್ಲಿ ಹುಟ್ಟಿದ ಮಕ್ಕಳು ಅಜ್ಜಿಯ ಕಾಗದ ಹಿಡಿದುಕೊಂಡ ಹಾಗೆ.

ವಿಂಡೋಸ್‌ನ ಫಾಂಟನ್ನು ಮ್ಯಾಕ್‌ಗೆ ಹಾಕಿದರಾಯ್ತಲ್ಲ? ಹಾಕಿದವರು ಇದ್ದರು. ಒತ್ತಕ್ಷರ ಕೆಳಗೆ ಇಳಿಯುತ್ತಿರಲಿಲ್ಲ, ಪಕ್ಕದಲ್ಲಿ ಪೆಚ್ಚಾಗಿ ನಿಲ್ಲುತ್ತಿತ್ತು. ವಿಂಡೋಸ್‌ನಲ್ಲಿ ಒತ್ತು ಕೂರಿಸುವ ಬುದ್ಧಿಯ ಬಹುಪಾಲು ವ್ಯವಸ್ಥೆಯೊಳಗೆ, ಫಾಂಟು ಅದಕ್ಕೆ ಸಾಮಗ್ರಿ ಒದಗಿಸುತ್ತದೆ. ಆಪಲ್‌ನ ಆಗಿನ ಪದ್ಧತಿಯಲ್ಲಿ ಆ ಬುದ್ಧಿಯನ್ನೆಲ್ಲ ಫಾಂಟಿನೊಳಗೇ ಬರೆಯಬೇಕು. ಒಬ್ಬರ ಅಡುಗೆಮನೆಯ ಮಸಾಲೆಡಬ್ಬ ಇನ್ನೊಬ್ಬರ ಒಲೆಗೆ ಆಗಲಿಲ್ಲ.

ಕೊನೆಗೆ 2011ರಲ್ಲಿ, ಲಯನ್ ಎಂಬ ಮ್ಯಾಕ್ ಆವೃತ್ತಿಯ ಜೊತೆ, ಎರಡು ಕನ್ನಡ ಫಾಂಟ್ ಬಂದವು: ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್. ಈ ಎಂಎನ್ ಯಾರು ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಮುತ್ತು ನೆಡುಮಾರನ್. ಮಲೇಷ್ಯಾದ ತಮಿಳರು, 1980ರ ದಶಕದಿಂದಲೇ ಮುರಸು ಅಂಜಲ್ ಎಂಬ ತಮಿಳು ತಂತ್ರಾಂಶ ಮಾಡಿಕೊಂಡು ಬಂದವರು. ಅಂದರೆ ನನ್ನ ಮ್ಯಾಕ್‌ನಲ್ಲಿ ನಾನು ಓದುವ ಕನ್ನಡದ ಒಂದೊಂದು ಬಳ್ಳಿಯನ್ನೂ ಬಿಡಿಸಿದ್ದು ಮಲೇಷ್ಯಾದ ಒಬ್ಬ ತಮಿಳರು. ಕಾವೇರಿ ಜಗಳದ ದಿನಗಳಲ್ಲಿ ಈ ವಿಷಯ ನೆನಪಾಗಿ ನಾನೊಬ್ಬನೇ ನಕ್ಕದ್ದುಂಟು. ನಿಮ್ಮ ಮ್ಯಾಕ್‌ನ ಫಾಂಟ್ ಬುಕ್ ತೆರೆದು ಹುಡುಕಿ, ಎರಡೂ ಅಲ್ಲೇ ಇವೆ.

ಫೋನಿನ ಕತೆ ಇನ್ನೂ ನಿಧಾನ. ಐಫೋನ್ 2007ರಲ್ಲಿ ಹುಟ್ಟಿತು, 2008ರ ಆಗಸ್ಟ್ 22ಕ್ಕೆ ಭಾರತಕ್ಕೆ ಬಂತು. ಕನ್ನಡ ಓದಲು ಬಂದ ಮೇಲೂ ಬರೆಯಲು ಬರುತ್ತಿರಲಿಲ್ಲ. ಯಾವುದೋ ಆ್ಯಪ್ ಒಳಗೆ ಟೈಪ್ ಮಾಡಿ, ಕಾಪಿ ಮಾಡಿ, ತಂದು ಅಂಟಿಸಬೇಕು. 2014ರ ಐಓಎಸ್ 8ರಲ್ಲಿ ಹೊರಗಿನವರ ಕೀಲಿಮಣೆಗೆ ಬಾಗಿಲು ತೆರೆಯಿತು. ಆಪಲ್ ತನ್ನದೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರ ಐಓಎಸ್ 11ರಲ್ಲಿ. ಯುನಿಕೋಡ್‌ನಲ್ಲಿ ಮನೆ ನಂಬರು ಸಿಕ್ಕಿದ ಇಪ್ಪತ್ತಾರು ವರ್ಷಕ್ಕೆ ಗೃಹಪ್ರವೇಶ.

ಅದೇ ಐಓಎಸ್ 11ಕ್ಕೆ ಒಂದು ಅವಾಂತರವೂ ಅಂಟಿಕೊಂಡಿತ್ತು. 2018ರ ಫೆಬ್ರವರಿಯಲ್ಲಿ ತೆಲುಗಿನ ಜ್ಞಾ ಅಕ್ಷರ ಒಂದು ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಕುಸಿದುಬೀಳುತ್ತಿದ್ದವು. ಎಲ್ಲ ಜ್ಞಾ ಅಲ್ಲ. ಜ, ಅರ್ಧಾಕ್ಷರದ ಚಿಹ್ನೆ, ಞ, ಆಮೇಲೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಚಿಹ್ನೆ, ಕೊನೆಗೆ ಆ-ಕಾರ: ಈ ಐದು ನಂಬರು ಇದೇ ಕ್ರಮದಲ್ಲಿ ಬಂದರೆ ಅಕ್ಷರ ಕಟ್ಟುವ ಎಂಜಿನ್ನು ಎಲ್ಲಿ ಒತ್ತು, ಎಲ್ಲಿ ಸ್ವರ ಅಂತ ತಿಳಿಯದೆ ಬಿದ್ದುಹೋಗುತ್ತಿತ್ತು. ಫೆಬ್ರವರಿ 19ಕ್ಕೆ 11.2.6 ಬಂದು ಸರಿಯಾಯಿತು. ಜ್ಞಾನದ ಮೊದಲ ಅಕ್ಷರಕ್ಕೇ ಲಕ್ಷ ರೂಪಾಯಿಯ ಫೋನು ಮೂರ್ಛೆ ಹೋಯಿತು ಅಂತ ಆಗ ನಾವೆಲ್ಲ ತಮಾಷೆ ಮಾಡಿದೆವು. ತಮಾಷೆ ಹೌದು. ನಮ್ಮ ಲಿಪಿಗಳು ಆ ಕಂಪನಿಯ ಪರೀಕ್ಷೆಯ ಮೇಜಿಗೆ ಎಷ್ಟು ತಡವಾಗಿ ಬಂದವು ಎಂಬುದಕ್ಕೆ ಅದು ಸಾಕ್ಷಿಯೂ ಹೌದು.

ಈಗ ಮಾಷ್ಟ್ರ ಸಿ.ಡಿ.ಗೆ ಬರುತ್ತೇನೆ.

ಮೊದಲು ಸುಲಭದ ದಾರಿ ಹಿಡಿದೆ. ನುಡಿಯ ಹಳೇ ಫಾಂಟ್ ಫೈಲನ್ನು ಮ್ಯಾಕ್‌ಗೆ ಹಾಕಿ, ಇಡೀ ಬರಹವನ್ನು ಆರಿಸಿ ಆ ಫಾಂಟಿಗೆ ಬದಲಿಸಿದೆ. ಪೌಂಡುಗಳೆಲ್ಲ ಮಾಯ, ಪರದೆಯ ತುಂಬ ಕನ್ನಡ. ಮಾಷ್ಟ್ರ ಮುಖ ಅರಳಿತು. "ಆಯ್ತಲ್ಲ, ಇನ್ನೆಂಥದ್ದು?" ಅಂದರು. ಹುಡುಕುವ ಪೆಟ್ಟಿಗೆಯಲ್ಲಿ "ಮಜಲು" ಅಂತ ಹೊಡೆದು ತೋರಿಸಿದೆ. ಒಂದೂ ಇಲ್ಲ ಅಂತ ಬಂತು. ಎದುರಿಗೇ, ಅದೇ ಸಾಲಿನಲ್ಲೇ ಮಜಲು ಕಾಣುತ್ತಿತ್ತು. ಒಂದು ಪುಟ ನಕಲು ಮಾಡಿ ಅವರ ಫೋನಿಗೆ ಕಳಿಸಿದೆ, ಮೊಮ್ಮಗ ಉಪಯೋಗಿಸಿ ಬಿಟ್ಟ ಐಫೋನ್ ಅದು. ಅಲ್ಲಿ ಮತ್ತೆ ಪೋರ್ಚುಗೀಸ್.

ಆಮೇಲೆ ಸರಿಯಾದ ದಾರಿ. ಹಳೇ ಫಾಂಟಿನ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಇವೆ. ಬ್ರೌಸರಿನಲ್ಲೇ ಕೆಲಸ ಮಾಡುವಂಥದ್ದನ್ನು ಹುಡುಕಿ, ಮ್ಯಾಕ್ ಆಗಲಿ ಐಪ್ಯಾಡ್ ಆಗಲಿ ಸಫಾರಿ ಸಾಕು. ನಾನು ಮಾಡಿದ ತಪ್ಪು ನೀವು ಮಾಡಬೇಡಿ: ಇಡೀ ಪುಸ್ತಕವನ್ನು ಒಂದೇ ಸಲ ಸುರಿಯಬೇಡಿ. ಒಂದೊಂದು ಅಧ್ಯಾಯ ಹಾಕಿ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ, ಅದರ ನಕಲಿನ ಮೇಲೆ ಕೆಲಸ ಮಾಡಿ. ಯಾವ ಫಾಂಟಿನಲ್ಲಿ ಹೊಡೆದದ್ದು ಅಂತ ಗೊತ್ತಿರಬೇಕು. ನುಡಿ ಒಂದು ಬಗೆ, ಬೇರೆ ಬೇರೆ ಕಂಪನಿಗಳ ಫಾಂಟ್ ಬೇರೆ ಬಗೆ, ಒಬ್ಬರ ಪೌಂಡ್ ಇನ್ನೊಬ್ಬರ ನ ಅಲ್ಲ.

ತಪ್ಪುಗಳು ಎಲ್ಲಿ ಬರುತ್ತವೆ ಅಂದರೆ, ಮುಖ್ಯವಾಗಿ ಅರ್ಕಾವೊತ್ತಿನಲ್ಲಿ. "ಸೂರ್ಯ" ಹೇಳುವಾಗ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಹಳೇ ಫಾಂಟು ಚಿತ್ರದ ಕ್ರಮ ಹಿಡಿದಿತ್ತು, ಯುನಿಕೋಡ್ ಉಲಿಯ ಕ್ರಮ ಹಿಡಿಯುತ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು, ಒತ್ತು ಇರುವಲ್ಲಿ ಎಡವುತ್ತದೆ. ಇಂಗ್ಲಿಷ್ ಪದಗಳು ಇನ್ನೊಂದು ಗೋಳು. ಮಾಷ್ಟ್ರು ಪಹಣಿಯ ವಿಷಯ ಬರೆಯುವಲ್ಲಿ ಆರ್.ಟಿ.ಸಿ. ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದರು. ಪರಿವರ್ತಕಕ್ಕೆ ಅದೂ ಕನ್ನಡವೇ ಆಗಿ ಕಂಡು, ಅರ್ಥವಿಲ್ಲದ ಯಾವುದೋ ಅಕ್ಷರದ ಗಂಟು ಮಾಡಿಟ್ಟಿತ್ತು. ಇನ್ನು "ರ‍್ಯಾಂಕ್" ಥರದ ಪದಗಳು: ಇಲ್ಲಿ ರ ಮೇಲೆ, ಯ ಕೆಳಗೆ ಬರಬೇಕಾದರೆ ರ ಆದ ಮೇಲೆ ಕಾಣದ ಒಂದು ಜೋಡಿಸುವ ಚಿಹ್ನೆ ಬೇಕು. "ಫೇಸ್‌ಬುಕ್"ನಲ್ಲಿ ಬ ಒತ್ತಾಗಿ ಇಳಿಯದೆ ನಿಲ್ಲಬೇಕಾದರೆ ಕಾಣದ ಬಿಡಿಸುವ ಚಿಹ್ನೆ, ಆ ಜ್ಞಾ-ದಲ್ಲಿ ಇದ್ದದ್ದೇ. ತುಳುವಿನ ಹೆಸರುಗಳಿಗೆ ಇದು ಬಹಳ ಬೇಕು, ಯಾಕೆಂದರೆ ನಮ್ಮ ಪದಗಳ ಕೊನೆ ಅರ್ಧಕ್ಕೇ ನಿಲ್ಲುವುದು ಹೆಚ್ಚು. ಇಂಥ ಪದಗಳನ್ನು ಒಮ್ಮೆ ಸರಿಯಾಗಿ ಮಾಡಿ, ಕೀಲಿಮಣೆ ಸೆಟ್ಟಿಂಗಿನ ಟೆಕ್ಸ್ಟ್ ರಿಪ್ಲೇಸ್‌ಮೆಂಟ್‌ನಲ್ಲಿ ಒಂದು ಗಿಡ್ಡ ಸಂಕೇತ ಕೊಟ್ಟು ಇಟ್ಟುಕೊಳ್ಳಿ. ಐಕ್ಲೌಡ್ ಮೂಲಕ ಫೋನಿಗೂ ಮ್ಯಾಕ್‌ಗೂ ಒಂದೇ ಪಟ್ಟಿ ಬರುತ್ತದೆ.

ಸುಮಾರು ಮೂರು ವಾರ ಹಿಡಿಯಿತು. ಸಂಜೆ ಮಾಷ್ಟ್ರು ಬರುವುದು, ಗೆದ್ದಲು ಬಿಟ್ಟ ಪುಟಗಳನ್ನು ಅವರು ಓದುವುದು, ನಾನು ಪರದೆಯಲ್ಲಿ ತಾಳೆ ನೋಡುವುದು. ಶಾಲೆಯಲ್ಲಿ ನನ್ನ ಕಾಗುಣಿತಕ್ಕೆ ಕೆಂಪು ಶಾಯಿ ಹಾಕಿದ ಕೈ ಈಗ ಆಪಲ್‌ನ ಪರದೆಗೆ ಬೆರಳು ಚುಚ್ಚಿ "ಇಲ್ಲಿ ಮಹಾಪ್ರಾಣ ಎಲ್ಲಿ ಹೋಯ್ತು?" ಅಂತ ಕೇಳುತ್ತಿತ್ತು.

ಆ ನಡುವೆ ಅವರಿಗೆ ಐಓಎಸ್ 18ರಿಂದ ಬಂದ ಒಂದು ಸೌಕರ್ಯ ತೋರಿಸಿದೆ: ಲಾಕ್ ಸ್ಕ್ರೀನಿನ ಗಡಿಯಾರವನ್ನು ಕನ್ನಡ ಅಂಕಿಗೆ ಬದಲಿಸಬಹುದು. ಪರದೆಯನ್ನು ಒತ್ತಿ ಹಿಡಿದು, ಕಸ್ಟಮೈಸ್ ಮಾಡಿ, ಗಡಿಯಾರ ಮುಟ್ಟಿದರೆ ಅಂಕಿಯ ಆಯ್ಕೆ ಸಿಗುತ್ತದೆ. ಈಗ ಅವರ ಫೋನಿನಲ್ಲಿ ಗಂಟೆ ಕನ್ನಡದಲ್ಲಿ ಹೊಡೆಯುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸುತ್ತಾರಂತೆ. ಅದೇ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಮನೆ ನಂಬರು ಸಿಕ್ಕಿದ ಸುದ್ದಿ ಹೇಳಿದೆ. "ನಂಬರು ಸಿಕ್ಕಿ ಆಯ್ತಲ್ಲ, ಒಕ್ಕಲಾಗುವುದು ಯಾವಾಗ?" ಅಂದರು. ಕನ್ನಡದ ಲೆಕ್ಕ ಆಗಲೇ ಹೇಳಿದ್ದೆನಲ್ಲ, ಸುಮ್ಮನಿದ್ದೆ.

ಕೊನೆಯ ಅಧ್ಯಾಯ ಮುಗಿದ ದಿನ ಇಡೀ ಪುಸ್ತಕವನ್ನು ಅವರ ಫೋನಿನ ನೋಟ್ಸ್‌ಗೆ ಹಾಕಿಕೊಟ್ಟೆ. ಹುಡುಕುವುದು ಹೇಗೆ ಅಂತ ಹೇಳಿಕೊಟ್ಟೆ. ಅವರೇ ಒಂದೊಂದೇ ಕೀಲಿ ಒತ್ತಿ "ಬಾಕಿಮಾರು" ಅಂತ ಹೊಡೆದರು. ಹಳದಿ ಬಣ್ಣ ಬಳಿದುಕೊಂಡು ಪದ ಎದ್ದುಬಂತು, ಒಂದಲ್ಲ, ಹನ್ನೊಂದು ಕಡೆ. ಮಾಷ್ಟ್ರು ಒಂದೊಂದನ್ನೂ ಓದಿಕೊಂಡು ಹೋದರು. ಏಳನೆಯದರಲ್ಲಿ ನಿಂತರು.

"ಇದು ತಪ್ಪು" ಅಂದರು.

"ಪರಿವರ್ತನೆಯಲ್ಲಿ ಆದದ್ದಾ?"

"ಅಲ್ಲ ಮಾರಾಯ, ನಾನೇ 2004ರಲ್ಲಿ ತಪ್ಪು ಬರೆದದ್ದು. ಆ ಗದ್ದೆಗೆ ನೀರು ಬರುತ್ತಿದ್ದದ್ದು ಪಡುವಣ ತೋಡಿನಿಂದ. ಪುಸ್ತಕ ಬಂದ ಮೇಲೆ ಒಬ್ಬರು ಹೇಳಿದ್ದರು. ಎಲ್ಲಿ ಬರೆದದ್ದು ಅಂತ ಆಮೇಲೆ ನನಗೆ ಹುಡುಕಲಿಕ್ಕೇ ಸಿಗಲಿಲ್ಲ."

ಫೋನನ್ನು ನನ್ನ ಕೈಗೆ ಕೊಡಲಿಲ್ಲ. "ಮೂಡಣ" ಎಂಬುದನ್ನು ಅಳಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಪ ಎಲ್ಲಿದೆ ಅಂತ ಹುಡುಕತೊಡಗಿದರು.